ಪ್ರಮಾಣಿತ ಎರಡು ಸೆಕೆಂಡು

ನಾಗಪುರದ ಸದರ್‌ನಲ್ಲಿರುವ ಕೇಂದ್ರೀಯ ವೇಗ ಪರೀಕ್ಷಣಾ ಕಾರ್ಯಾಲಯವು ಸ್ಥಾಪನೆಯಾದಂದಿನಿಂದ ಈವರೆಗೆ ಯಾರ ಪರವಾಗಿಯೂ ಯಾರ ವಿರುದ್ಧವಾಗಿಯೂ ಪಕ್ಷಪಾತ ಮಾಡಿಲ್ಲ. ಈ ಸಂಗತಿಯನ್ನು ಪ್ರತಿ ವರ್ಷ ಮಾರ್ಚ್ ಮೂವತ್ತೊಂದರಂದು ಅದೇ ಕಾರ್ಯಾಲಯವು ಕೂಲಂಕಷವಾಗಿ ತನಿಖೆ ಮಾಡಿ, ತನಗೆ ತಾನೇ ಲಿಖಿತ ಪ್ರಮಾಣಪತ್ರ ಕೊಟ್ಟುಕೊಳ್ಳುತ್ತದೆ.

ಮೊದಲು ಈ ಕಾರ್ಯಾಲಯ ಟೈಪಿಸ್ಟರ ಬೆರಳಿನ ವೇಗ ಅಳೆಯುತ್ತಿತ್ತು. ಒಂದು ಪುಟ ಪಾಠ, ಹತ್ತು ನಿಮಿಷ ಸಮಯ, ಐದು ತಪ್ಪಿಗೆ ಒಂದು ಅಂಕ ಕಡಿತ. ಕಾಲ ಸರಿದಂತೆ ಟೈಪ್‌ರೈಟರುಗಳು ಗುಜರಿ ಸೇರಿದವು, ಟೈಪಿಸ್ಟರು ನಿವೃತ್ತರಾದರು, ಕಾರ್ಯಾಲಯ ಮಾತ್ರ ಕಲ್ಲುಗುಂಡಿನಂತೆ ಉಳಿಯಿತು. ಸರ್ಕಾರದಲ್ಲಿ ಕೆಲಸ ಹೋಗಬಹುದು, ಕಚೇರಿ ಹೋಗುವುದಿಲ್ಲ. ಕೆಲವು ವರ್ಷ ಹದಿನಾಲ್ಕು ಮಂದಿ ನೌಕರರು ಹಳೆಯ ಟೈಪ್‌ರೈಟರುಗಳ ಧೂಳು ಒರೆಸಿಕೊಂಡು ಕಾಲ ಕಳೆದರು. ಆಮೇಲೆ ಇಲಾಖೆಯ ಎಲ್ಲ ನೌಕರರ ಫೋನಿನಲ್ಲಿ ಒಂದೇ ಬ್ರೌಸರ್ ಇರತಕ್ಕದ್ದೆಂದೂ, ಯಾವುದು ಬೇಗ ಪುಟ ತೆರೆಯುತ್ತದೆಂದು ನಿಷ್ಪಕ್ಷಪಾತವಾಗಿ ಪರೀಕ್ಷಿಸಿ ತಿಳಿಸತಕ್ಕದ್ದೆಂದೂ ದೆಹಲಿಯಿಂದ ಸುತ್ತೋಲೆ ಬಂತು. ಕಾರ್ಯಾಲಯದ ಬಳಿ ಸ್ಟಾಪ್‌ವಾಚು ಇದ್ದೇ ಇತ್ತು.

ಸ್ಟಾಪ್‌ವಾಚು ಇದ್ದದ್ದು ಹಿರಿಯ ವೇಗ ಪರೀಕ್ಷಕ ಮಲ್ಲೇಶಪ್ಪ ಹೂಗಾರನ ಬಳಿ. ಗದಗಿನ ಮನುಷ್ಯ. ನಾಗಪುರಕ್ಕೆ ವರ್ಗವಾಗಿ ಹನ್ನೊಂದು ವರ್ಷ. ಹೆಂಡತಿ ಹೇಮಲತಾ ಗದಗಿನ ಹೈಸ್ಕೂಲಿನಲ್ಲಿ ಗಣಿತದ ಶಿಕ್ಷಕಿ, ಕೆಲಸ ಬಿಟ್ಟು ಬರುವಂತಿಲ್ಲ. ಅವನು ಊರು ಬಿಟ್ಟಾಗ ಮಗಳು ಖುಷಿಗೆ ನಾಲ್ಕು ವರ್ಷ, ಈಗ ಹದಿನೈದು. ವರ್ಷಕ್ಕೆರಡು ಸಲ ಮನೆಗೆ ಹೋದಾಗ ಅವಳು ಅಪ್ಪನಿಗೆ ಸ್ಟೀಲಿನ ಲೋಟದ ಬದಲು ಗಾಜಿನ ಲೋಟದಲ್ಲಿ ನೀರು ಕೊಡುತ್ತಿದ್ದಳು. ಆ ಲೋಟಗಳನ್ನು ಆ ಮನೆಯಲ್ಲಿ ಹೊರಗಿನವರು ಬಂದಾಗ ಮಾತ್ರ ತೆಗೆಯುತ್ತಾರೆಂಬುದು ಮಲ್ಲೇಶಪ್ಪನಿಗೆ ಗೊತ್ತಿತ್ತು. ಕುಡಿದು, ಲೋಟವನ್ನು ತಾನೇ ತೊಳೆದು ಸ್ಟೀಲಿನ ಲೋಟಗಳ ಪಕ್ಕ ಇಡುತ್ತಿದ್ದ.

ಹುಬ್ಬಳ್ಳಿಯ ಉಪ ಕಾರ್ಯಾಲಯದಲ್ಲಿ ಅವನ ದರ್ಜೆಯ ಹುದ್ದೆ ಇದ್ದದ್ದು ಒಂದೇ ಒಂದು. ಅದು ಈ ಜೂನಿನಲ್ಲಿ ಖಾಲಿಯಾಗುವುದಿತ್ತು. ಹುಬ್ಬಳ್ಳಿಯಿಂದ ಗದಗಿಗೆ ರೈಲಿನಲ್ಲಿ ಒಂದು ತಾಸು; ಬೆಳಿಗ್ಗೆ ಹೋಗಿ ಸಂಜೆ ಮನೆಯಲ್ಲಿ ರೊಟ್ಟಿ ತಿನ್ನಬಹುದು. ಈ ಸಲ ತಪ್ಪಿದರೆ ಮುಂದಿನ ಅವಕಾಶ ಒಂಬತ್ತು ವರ್ಷಗಳ ನಂತರ. ವರ್ಗಾವಣೆಗೆ ಅರ್ಜಿ ಹಾಕಲು ನಿರ್ದೇಶಕರ ಶಿಫಾರಸು ಬೇಕು, ಅರ್ಜಿ ಹಾಕುವುದು ಇಲಾಖೆಯ ಪೋರ್ಟಲಿನಲ್ಲಿ. ಹೀಗಾಗಿ ಮಲ್ಲೇಶಪ್ಪ ಆ ಬೇಸಿಗೆಯಲ್ಲಿ ಯಾರ ಮನಸ್ಸನ್ನೂ ನೋಯಿಸದೆ ಇರಬೇಕೆಂದು ನಿಶ್ಚಯಿಸಿದ್ದ.

ನಿರ್ದೇಶಕರೆಂದರೆ ವಿಜಯೇಂದ್ರ ಕಟ್ಟಿ ಸಾಹೇಬರು. ಅಜ್ಜನ ಕಾಲಕ್ಕೇ ಧಾರವಾಡದಿಂದ ಬಂದು ನಾಗಪುರದ ಧರಮಪೇಠದಲ್ಲಿ ನೆಲೆ ನಿಂತ ಮನೆತನ. ಸಾಹೇಬರು ಕಾಯಂ ನಿರ್ದೇಶಕರಲ್ಲ, ಪ್ರಭಾರ ನಿರ್ದೇಶಕರು. ಕಾಯಂ ನಿರ್ದೇಶಕರು ಬರುವವರೆಗೆ ಒಂದು ವಾರ ನೋಡಿಕೊಳ್ಳಿ ಎಂದಿದ್ದರು, ಆರು ವರ್ಷವಾಗಿತ್ತು. ನಿಯಮಕ್ಕೆ ತಲೆಬಾಗುವ ಮನುಷ್ಯರಾದ್ದರಿಂದ ನಿರ್ದೇಶಕರ ದೊಡ್ಡ ಕುರ್ಚಿಯಲ್ಲಿ ಕೂರದೆ, ಅದರ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತು ಸಹಿ ಮಾಡುತ್ತಿದ್ದರು. ದೊಡ್ಡ ಕುರ್ಚಿಯ ಮೇಲಿನ ಟವೆಲನ್ನು ಪ್ರತಿ ಸೋಮವಾರ ಒಗೆಸಲಾಗುತ್ತಿತ್ತು.

ಕೊನೆಯ ಸುತ್ತಿಗೆ ಉಳಿದದ್ದು ಎರಡು ಬ್ರೌಸರುಗಳು. ಒಂದರ ಹೆಸರು ಝಟಪಟ್, ಇನ್ನೊಂದರ ಹೆಸರು ವಾಯುಪುತ್ರ. ವಾಯುಪುತ್ರದ ಕಂಪನಿಯವರು ಪರೀಕ್ಷೆಯ ಸಮಯದಲ್ಲಿ ಸಮಾನ ಉಷ್ಣತೆ ಕಾಪಾಡುವುದಕ್ಕಾಗಿ ಒಂದು ಎ.ಸಿ. ಯಂತ್ರವನ್ನು ಕಾರ್ಯಾಲಯಕ್ಕೆ ಕಳಿಸಿಕೊಟ್ಟರು. ಮೇ ತಿಂಗಳ ನಾಗಪುರ. ಹೊರಗೆ ಕಾಗೆಗಳೂ ಹಾರುವುದನ್ನು ಮುಂದೂಡುತ್ತಿದ್ದವು. ತೀರ್ಮಾನ ಕೈಗೊಳ್ಳುವ ಕೋಣೆಯ ಉಷ್ಣತೆಯೇ ಮುಖ್ಯವೆಂದು ಮನಗಂಡು ಎ.ಸಿ.ಯನ್ನು ಸಾಹೇಬರ ಕೋಣೆಯಲ್ಲಿ ಕೂರಿಸಲಾಯಿತು. ಇದರಲ್ಲಿ ಪಕ್ಷಪಾತವೇನೂ ಇರಲಿಲ್ಲ. ಝಟಪಟ್‌ನ ಕಂಪನಿಯವರೂ ಒಂದು ಎ.ಸಿ. ಕಳಿಸಿದ್ದರೆ ಅದನ್ನೂ ಸಾಹೇಬರ ಕೋಣೆಯಲ್ಲೇ ಕೂರಿಸುತ್ತಿದ್ದರು.

ಮಲ್ಲೇಶಪ್ಪ ಪರೀಕ್ಷೆ ಮಾಡಿದ. ಒಂದೇ ತರಹದ ಎರಡು ಹೊಸ ಫೋನು, ಒಂದೇ ಮೇಜು, ಒಂದೇ ವೈಫೈ. ಇಲಾಖೆಯ ಪೋರ್ಟಲಿನ ಮೊದಲ ಪುಟವನ್ನು ಪ್ರತಿಯೊಂದರಲ್ಲಿ ಇಪ್ಪತ್ತು ಸಲ ತೆರೆದ, ಪ್ರತಿ ಸಲವೂ ಫೋನಿನಲ್ಲಿ ಉಳಿದ ಹಿಂದಿನದನ್ನು ಪೂರ್ತಿ ಅಳಿಸಿ. ಸ್ಟೆನೊ ಚಾರುಲತಾ ಪಕ್ಕದಲ್ಲಿ ಕೂತು ಬರೆದುಕೊಂಡಳು. ಝಟಪಟ್ ಮೂರು ಸೆಕೆಂಡು, ವಾಯುಪುತ್ರ ಒಂಬತ್ತು ಸೆಕೆಂಡು. ವರದಿ ಅರ್ಧ ಪುಟದಲ್ಲಿ ಮುಗಿಯಿತು. ಅರ್ಧ ಪುಟದ ವರದಿ ಆ ಕಾರ್ಯಾಲಯದ ಇತಿಹಾಸದಲ್ಲೇ ಇರಲಿಲ್ಲ, ಅಲ್ಲಿಗೇ ಎಲ್ಲರಿಗೂ ಅನುಮಾನ ಬಂತು.

ವಾಯುಪುತ್ರದ ಪ್ರತಿನಿಧಿ ದತ್ತು ಒಂದು ಡಬ್ಬಿ ಕಿತ್ತಳೆಯ ಸಂತ್ರಾ ಬರ್ಫಿ ಹಿಡಿದುಕೊಂಡು ಬಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಅವನಿಗೆ ಗೊತ್ತಿರಲಿಲ್ಲ, ಅವನ ಮಾತು ಮರಾಠಿ. ಅವನು ನೆಲದ ಸುದ್ದಿಗೆ ಹೋಗಲೂ ಇಲ್ಲ.

"ಸಾಹೇಬರೇ, ನಮ್ಮ ಬ್ರೌಸರಿನ ವೇಗದ ಬಗ್ಗೆ ಎರಡು ಮಾತಿಲ್ಲ. ಆದರೆ ಅದು ಸರ್ಕಾರಿ ಪುಟವನ್ನು ಮೊದಲ ಸಲ ನೋಡಿದ್ದು. ಸ್ವಲ್ಪ ಗಾಬರಿಯಾಯಿತು," ಎಂದ.

ಸಾಹೇಬರು ತಲೆದೂಗಿದರು. "ಬರೋಬರ್ ಅದ. ಮಲ್ಲೇಶಪ್ಪ, ಟೈಪಿಂಗ್ ಪರೀಕ್ಷಾದಾಗ ಹೊಸಾ ಮಷಿನ್ ಮ್ಯಾಲೆ ಕೂತವರಿಗೆ ಹತ್ತು ನಿಮಿಷ ಪ್ರ್ಯಾಕ್ಟೀಸ್ ಕೊಡತಿದ್ವಿಲ್ಲೋ?"

"ಕೊಡತಿದ್ವಿ ಸರ್. ಆದರ ಪರೀಕ್ಷಾದಾಗ ಬರೂ ಪಾಠಾನ ಮೊದಲ ಬಡಿಯಾಕ ಕೊಡತಿದ್ದಿಲ್ರಿ. ಬ್ಯಾರೆ ಪಾಠ ಕೊಡತಿದ್ವಿ."

"ಬ್ಯಾರೆ ಪಾಠ ಎಲ್ಲಿಂದ ತರೂದು? ನಮ್ಮ ಪೋರ್ಟಲದಾಗ ಸದ್ಯಕ್ಕ ತೆರಿಯೂದು ಅದೊಂದ ಪುಟ."

ಈ ಮಾತು ನಿಜವಿತ್ತು. ಹೀಗೆ 'ನವಾಗತ ಬ್ರೌಸರುಗಳ ಪೂರ್ವಾಭ್ಯಾಸ ನಿಯಮ' ಜಾರಿಗೆ ಬಂತು. ವಾಯುಪುತ್ರಕ್ಕೆ ಅದೇ ಪುಟವನ್ನು ಮೊದಲು ಒಮ್ಮೆ ನಿಧಾನವಾಗಿ ತೆರೆದು ಒಳಗೆ ಇಟ್ಟುಕೊಳ್ಳಲು ಬಿಡಲಾಯಿತು. ಆಮೇಲೆ ಪರೀಕ್ಷಿಸಿದರೆ ಎರಡೇ ಸೆಕೆಂಡು! ಇದು ಪುಟ ತೆರೆದದ್ದಲ್ಲ, ಬಗಲಲ್ಲಿ ಇಟ್ಟುಕೊಂಡದ್ದನ್ನು ತೆಗೆದು ತೋರಿಸಿದ್ದು ಎಂದು ಮಲ್ಲೇಶಪ್ಪನಿಗೆ ಗೊತ್ತಾಯಿತು. ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಸಾಹೇಬರು, "ನಿಮ್ಮ ಹುಬ್ಬಳ್ಳಿ ಶಿಫಾರಸಿನ ಡ್ರಾಫ್ಟ್ ಮಾಡಿಟ್ಟೇನಿ, ಚಲೋ ಬಂದದ," ಎಂದರು. ತೆರೆದ ಬಾಯಿಗೆ ಒಂದು ತುಂಡು ಬರ್ಫಿ ಹಾಕಿಕೊಂಡ.

ಝಟಪಟ್‌ನ ಪ್ರತಿನಿಧಿ ನಮ್ರತಾ ಎಂಬ ಹುಡುಗಿ. ಇಂಜಿನಿಯರು, ಹೆಸರಿಗೆ ತಕ್ಕ ನಮ್ರತೆ ಅವಳಲ್ಲಿ ಇರಲಿಲ್ಲ. ತಮಗೂ ಪೂರ್ವಾಭ್ಯಾಸ ಬೇಕೆಂದು ಲಿಖಿತವಾಗಿ ಕೇಳಿದಳು. ಕಾರ್ಯಾಲಯ ನಿಷ್ಪಕ್ಷಪಾತಿಯಾದ್ದರಿಂದ ಒಪ್ಪಿತು. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಮರುಪರೀಕ್ಷೆ ಎಂದು ನಿಗದಿಯಾಯಿತು.

ಬುಧವಾರ ಹತ್ತು ನಲವತ್ತಕ್ಕೆ ಮಲ್ಲೇಶಪ್ಪ ಫೋನು ತೆರೆದು ನೋಡಿದರೆ, ಝಟಪಟ್ ತನ್ನಷ್ಟಕ್ಕೆ ತಾನು ಹೊಸ ಆವೃತ್ತಿ ಇಳಿಸಿಕೊಳ್ಳುತ್ತ ಕೂತಿತ್ತು. ಒತ್ತಿದರೆ ಏಳಲೊಲ್ಲದು. ಇನ್ನು ಇಪ್ಪತ್ತೈದು ನಿಮಿಷ ಬೇಕೆಂದು ತೋರಿಸಿತು.

"ಕಾಯೋಣ ಸರ್. ಹನ್ನೊಂದೂ ಕಾಲಕ್ಕ ಶುರು ಮಾಡಿದ್ರ ಆತು," ಎಂದ.

"ಹನ್ನೊಂದಂದ್ರ ಹನ್ನೊಂದು. ವ್ಯಾಳ್ಯಾಕ್ಕ ಹಾಜರಿಲ್ಲ ಅಂದ್ರ ಏನದು?" ಎಂದು ಸಾಹೇಬರು ಕೇಳಿದರು.

"ರಜೆ, ಸಾಹೇಬ್," ಎಂದಳು ಚಾರುಲತಾ. ಅವಳು ಹಾಜರಿ ಪುಸ್ತಕವನ್ನೂ ನೋಡಿಕೊಳ್ಳುತ್ತಿದ್ದಳು.

"ರಜಾದ ಮ್ಯಾಲೆ ಹೋದ್ರ ಅವರ ಕೆಲಸ?"

ಇದಕ್ಕೆ ಉತ್ತರ ಆ ಕಟ್ಟಡದ ಗೋಡೆಗಳಿಗೂ ಗೊತ್ತಿತ್ತು. ಯಾರಾದರೂ ರಜೆಯ ಮೇಲೆ ಹೋದರೆ ಅವರ ಪ್ರಭಾರವನ್ನು ಹತ್ತಿರ ಕೂತವರಿಗೆ ವಹಿಸಬೇಕು. ಹನ್ನೊಂದು ವರ್ಷದಲ್ಲಿ ಮಲ್ಲೇಶಪ್ಪ ಇಂಥ ನೂರಾರು ಜ್ಞಾಪನಗಳನ್ನು ಬರೆದಿದ್ದ. ಕೈ ತನ್ನಷ್ಟಕ್ಕೆ ಬರೆಯಿತು:

"ಝಟಪಟ್ ಬ್ರೌಸರ್ ಈ ದಿನ ಪೂರ್ವಾಹ್ನ ೧೦.೪೦ರಿಂದ ನವೀಕರಣ ರಜೆಯ ಮೇಲೆ ತೆರಳಿರುವುದರಿಂದ, ಸದರಿಯವರ ಕರ್ತವ್ಯಗಳ ಪ್ರಭಾರವನ್ನು, ಅದೇ ಫೋನಿನ ಹಾಜರಿ ಆ್ಯಪ್‌ನಲ್ಲಿ ರಜಾ ನಿಯಮಾವಳಿ ತೋರಿಸುವ ಸೇವೆಯಲ್ಲಿರುವ ಪುಟ್ಟ ಕಿಟಕಿಗೆ, ಅದರ ಸ್ವಂತ ಕರ್ತವ್ಯಗಳ ಜೊತೆಗೆ, ಯಾವುದೇ ಹೆಚ್ಚುವರಿ ಭತ್ಯೆಯಿಲ್ಲದೆ, ಮುಂದಿನ ಆದೇಶದವರೆಗೆ ವಹಿಸಲಾಗಿದೆ."

ಪ್ರಭಾರ ವಹಿಸಿಕೊಟ್ಟವರ ಸಹಿ ಮತ್ತು ವಹಿಸಿಕೊಂಡವರ ಸಹಿ ಬೇಕು. ಝಟಪಟ್ ಪರವಾಗಿ ಚಾರುಲತಾ, ಕಿಟಕಿಯ ಪರವಾಗಿ ಮಲ್ಲೇಶಪ್ಪ ಸಹಿ ಮಾಡಿದರು.

ಆ ಪುಟ್ಟ ಕಿಟಕಿ ಪಾಪ, ಹುಟ್ಟಿದಾಗಿನಿಂದ ರಜಾ ನಿಯಮಾವಳಿಯ ನಾಲ್ಕು ಸಾಲು ಬಿಟ್ಟು ಬೇರೇನೂ ತೋರಿಸಿರಲಿಲ್ಲ. ಪೋರ್ಟಲಿನ ಪುಟ ತೆರೆಯಲು ಅದಕ್ಕೆ ನಲವತ್ತೊಂದು ಸೆಕೆಂಡು ಹಿಡಿಯಿತು. ಅದರ ವಯಸ್ಸಿಗೂ ಅನುಭವಕ್ಕೂ ಅದು ಕಡಿಮೆ ಸಾಧನೆಯಲ್ಲ. ದಾಖಲೆಯಲ್ಲಿ 'ಝಟಪಟ್: ೪೧ ಸೆಕೆಂಡು' ಎಂದು ನಮೂದಾಯಿತು.

ಹನ್ನೊಂದಕ್ಕೆ ಬಂದು ಕೂತಿದ್ದ ನಮ್ರತಾ ಎದ್ದು ನಿಂತಳು. "ಸರ್, ಇದು ಝಟಪಟ್ ಅಲ್ಲವೇ ಅಲ್ಲ. ನೀವು ಬೇರೆ ಯಾರನ್ನೋ ಓಡಿಸಿ, ಓಟದಲ್ಲಿ ನಮ್ಮವರು ಸೋತರು ಅನ್ನುತ್ತಿದ್ದೀರಿ!"

ಸಾಹೇಬರ ಮುಖ ಕೆಂಪಾಯಿತು. ಅವರು ಮೆಲ್ಲಗೆ, ಹಿಂದಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. "ಮೇಡಂ, ಆರು ವರ್ಷದಿಂದ ನಾನು ಈ ಸ್ಟೂಲಿನ ಮೇಲೆ ಕೂತು ನಿರ್ದೇಶಕರ ಸಹಿ ಮಾಡುತ್ತಿದ್ದೇನೆ. ಪ್ರಭಾರಿಯ ಕೆಲಸ ಕಾಯಂ ಅಧಿಕಾರಿಯ ಕೆಲಸವಲ್ಲ ಎನ್ನುವುದಾದರೆ, ಆ ಸಹಿಗಳೆಲ್ಲ ಯಾರವು? ಈ ಕಾರ್ಯಾಲಯದಲ್ಲಿ ಹದಿನಾಲ್ಕು ಜನರಲ್ಲಿ ಹನ್ನೊಂದು ಜನ ಪ್ರಭಾರಿಗಳು. ನೀವು ಕಿಟಕಿಗೆ ಅವಮಾನ ಮಾಡಿಲ್ಲ. ಇಲ್ಲಿ ಕೂತವರಿಗೆಲ್ಲ ಮಾಡಿದ್ದೀರಿ."

ಚಾರುಲತಾ ಕಣ್ಣೊರೆಸಿಕೊಂಡಳು. ಅವಳೂ ಪ್ರಭಾರ ಅಧೀಕ್ಷಕಿ. ನಮ್ರತಾ ಏನೋ ಹೇಳಲು ಹೊರಟವಳು, ತಾನೂ ಕಂಪನಿಯಲ್ಲಿ ಎರಡು ವರ್ಷದಿಂದ ಪ್ರಭಾರ ವಲಯಾಧಿಕಾರಿಯೆಂಬುದು ನೆನಪಾಗಿ ಮೆಲ್ಲಗೆ ಕೂತಳು. ಆಕ್ಷೇಪಣೆಯನ್ನು ಹಿಂತೆಗೆದುಕೊಂಡದ್ದಾಗಿ ಬರೆದುಕೊಟ್ಟು, ಒಂದು ಬರ್ಫಿ ತಿಂದು ಹೋದಳು.

ಅಂತಿಮ ವರದಿ ನೂರಾ ಹನ್ನೆರಡು ಪುಟವಾಯಿತು. ಮಲ್ಲೇಶಪ್ಪನೇ ಬರೆದ, ಕರಡು ಬರೆಯುವುದರಲ್ಲಿ ಅವನನ್ನು ಸರಿಗಟ್ಟುವವರಿರಲಿಲ್ಲ. ಸಹಿಯ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ತನ್ನ ಸ್ಟಾಪ್‌ವಾಚು ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸೆಕೆಂಡು ಸುಳ್ಳು ಹೇಳಿರಲಿಲ್ಲ, ಅದಕ್ಕೆ ಮುಖ ತೋರಿಸಲು ನಾಚಿಕೆಯಾಗಿ ಅದನ್ನು ಮೇಜಿನ ಡ್ರಾಯರಿನೊಳಗಿಟ್ಟ. ಅತ್ತ ಸಾಹೇಬರು ಶಿಫಾರಸು ಪತ್ರ ಮುಂದಿಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು.

"ಮೊದಲ ನೀವು," ಎಂದರು ಸಾಹೇಬರು.

ಗದಗಿನ ಮನೆಯ ಸಂಜೆಯ ರೊಟ್ಟಿಯನ್ನು ನೆನೆದು ಮಲ್ಲೇಶಪ್ಪ ಸಹಿ ಮಾಡಿದ. ಸಾಹೇಬರೂ ಮಾಡಿದರು.

ಆ ವರದಿಯ ಏಳನೆಯ ನಿಯಮವನ್ನು ಇಡೀ ಇಲಾಖೆ ಮೆಚ್ಚಿಕೊಂಡಿತು. ಅದೂ ಮಲ್ಲೇಶಪ್ಪನದೇ ರಚನೆ: "ವಾಯುಪುತ್ರದ ಪ್ರಮಾಣಿತ ವೇಗವು ಎರಡು ಸೆಕೆಂಡು. ಯಾವುದೇ ನೌಕರನ ಫೋನಿನಲ್ಲಿ ಪುಟ ತೆರೆಯಲು ಇದಕ್ಕಿಂತ ಹೆಚ್ಚು ಸಮಯ ಹಿಡಿದಲ್ಲಿ, ಸದರಿ ಹೆಚ್ಚುವರಿ ಸಮಯವನ್ನು ಬ್ರೌಸರ್ ಅಲ್ಲದೆ ನೌಕರನೇ ತೆಗೆದುಕೊಂಡಿರುವುದಾಗಿ ಭಾವಿಸತಕ್ಕದ್ದು." ದೆಹಲಿಯಿಂದ ಪ್ರಶಂಸಾ ಪತ್ರ ಬಂತು. ವಾಯುಪುತ್ರದ ಜಾಹೀರಾತು ಎಲ್ಲ ಭಾಷೆಗಳ ಪತ್ರಿಕೆಗಳಲ್ಲಿ ಬಂತು. 'ಸರ್ಕಾರಿ ಪರೀಕ್ಷೆಯಲ್ಲಿ ಸಾಬೀತು: ಎರಡೇ ಸೆಕೆಂಡು!' ಎಂದು ದಪ್ಪ ಅಕ್ಷರ, ಕೆಳಗೆ ಪರೀಕ್ಷಕರ ಸಹಿ, ಮ. ಹೂಗಾರ.

ಎಲ್ಲರ ಹಳೆಯ ಫೋನುಗಳಿಗೂ ವಾಯುಪುತ್ರ ಬಂತು; ಹೊಸ ಫೋನಿನಲ್ಲಿ ಒಂಬತ್ತು ಸೆಕೆಂಡು ಹಿಡಿದದ್ದು ಇವುಗಳಲ್ಲಿ ನಿಮಿಷಗಟ್ಟಲೆ ಹಿಡಿಯಿತು. ಜನ ಹೊಂದಿಕೊಂಡರು. ಚಾರುಲತಾ ತನ್ನ ಮನೆಯಲ್ಲಿ ಕುಕ್ಕರ್ ಇಡುವಾಗ ಹಾಜರಿಯ ಪುಟವನ್ನು ಒತ್ತಿ, ಡಬ್ಬಿ ಕಟ್ಟಿ, ಸ್ಕೂಟರ್ ಹತ್ತಿ ಸದರ್‌ಗೆ ಬಂದು ಇಳಿಯುವ ಹೊತ್ತಿಗೆ ಪುಟ ತೆರೆದಿರುತ್ತಿತ್ತು. ತಡವಾದವರಿಗೆ ಅರ್ಧ ದಿನದ ರಜೆ ಕಡಿತವಾಗುತ್ತಿತ್ತು. ಯಾರೂ ದೂರಲಿಲ್ಲ, ಏಕೆಂದರೆ ದೂರು ಕೊಡುವ ಪುಟವೂ ಅದರಲ್ಲೇ ತೆರೆಯಬೇಕಾಗಿತ್ತು.

ಜೂನ್ ಮೊದಲ ಸೋಮವಾರ ವರ್ಗಾವಣೆಯ ಅರ್ಜಿ. ಬೆಳಿಗ್ಗೆ ಹನ್ನೊಂದರಿಂದ ಹನ್ನೊಂದು ಐದರವರೆಗೆ. ಪುಟ ಎರಡೇ ಸೆಕೆಂಡಿಗೆ ತೆರೆಯುವಾಗ ಐದು ನಿಮಿಷ ಧಾರಾಳವಾಯಿತೆಂದು ಸುತ್ತೋಲೆಯೇ ಹೇಳಿತ್ತು. ಮೊದಲೇ ಒತ್ತಿಟ್ಟುಕೊಂಡರೆ ಪೋರ್ಟಲು 'ಹನ್ನೊಂದಕ್ಕೆ ಬನ್ನಿ' ಎಂದು ಹೊರಗೆ ಹಾಕುತ್ತಿತ್ತು. ಮಲ್ಲೇಶಪ್ಪ ತಲೆಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು ಕೂತ. ಕೈಯಲ್ಲಿ ಫೋನು, ಮೇಜಿನ ಮೇಲೆ ಶಿಫಾರಸು ಪತ್ರ. ಹನ್ನೊಂದು ಹೊಡೆದದ್ದೇ ತಡ, ಒತ್ತಿದ.

ಪರದೆಯ ಮೇಲೆ ಸಣ್ಣ ಚಕ್ರ ತಿರುಗತೊಡಗಿತು. ಹನ್ನೊಂದು ಒಂದು. ಹನ್ನೊಂದು ಎರಡು. ಚಾರುಲತಾ ಬೆನ್ನ ಹಿಂದೆ ಬಂದು ನಿಂತು, "ಭಾವೂ, ಅಣ್ಣಾ, ನನ್ನ ಸ್ವಂತ ಫೋನಿನಲ್ಲಿ ಝಟಪಟ್ ಐತಿ, ಜಲ್ದಿ ಅದರಲ್ಲಿ ಹಾಕಿ," ಎಂದು ಹನ್ನೊಂದು ವರ್ಷದಿಂದ ಅವನಿಂದ ಕಲಿತ ಕನ್ನಡದಲ್ಲಿ ಪಿಸುಗುಟ್ಟಿದಳು. ಝಟಪಟ್ ಕಣ್ಣು ಮಿಟುಕಿಸುವುದರೊಳಗೆ ಪುಟ ತೆರೆಯಿತು. ಅದರಲ್ಲಿ, 'ಪ್ರಮಾಣಿತ ಬ್ರೌಸರಿನಲ್ಲಿ ಮಾತ್ರ ಅರ್ಜಿ ಸ್ವೀಕರಿಸಲಾಗುವುದು' ಎಂದು ಬರೆದಿತ್ತು. ಮಲ್ಲೇಶಪ್ಪನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಬಸವಣ್ಣಾ, ಬಸವಣ್ಣಾ ಎಂದು ಬಾಯಲ್ಲಿ ಜಪ ನಡೆದಿತ್ತು. ವಾಯುಪುತ್ರ ಪುಟ ತೆರೆದಾಗ ಹನ್ನೊಂದು ಏಳು. 'ಅವಧಿ ಮುಗಿದಿದೆ. ತಮ್ಮ ಆಸಕ್ತಿಗೆ ಧನ್ಯವಾದಗಳು.'

ಕೂಡಲೇ ಕಾಗದದ ಮೇಲೆ ಮೇಲ್ಮನವಿ ಹಾಕಿದ. ಮೇಲ್ಮನವಿ ಅಧಿಕಾರಿಯ ಹುದ್ದೆ ಖಾಲಿಯಿದ್ದುದರಿಂದ ಅದರ ಪ್ರಭಾರವೂ ಕಟ್ಟಿ ಸಾಹೇಬರಲ್ಲೇ ಇತ್ತು. ಅಂದೇ ಮಧ್ಯಾಹ್ನದ ವಿಚಾರಣೆಗೆ ಅವರು ದೊಡ್ಡ ಕುರ್ಚಿಯ ಇನ್ನೊಂದು ಪಕ್ಕಕ್ಕೆ ಇನ್ನೊಂದು ಸ್ಟೂಲು ಹಾಕಿಸಿಕೊಂಡು ಕೂತರು.

"ಪುಟ ತೆರೀಲಿಲ್ಲರಿ ಸರ್. ಏಳು ನಿಮಿಷ ಚಕ್ರಾನ ತಿರುಗತಿತ್ತು. ಚಾರುಲತಾಬಾಯಿ ನೋಡ್ಯಾರ."

ಸಾಹೇಬರು ಚಾರುಲತಾಳ ಕಡೆ ತಿರುಗಿದರು. "ಪುಟ ಕಾಣಿಸಲಿಲ್ಲವೇ ನಿಮಗೆ? ಎರಡು ಸೆಕೆಂಡಿಗೆ ತೆರೆದ ಪುಟ ಏಳು ನಿಮಿಷವಾದರೂ ಕಾಣಲಿಲ್ಲವೆಂದರೆ ಕಣ್ಣು ತೋರಿಸಿಕೊಳ್ಳಬೇಕಾದೀತು. ವೈದ್ಯಕೀಯವಾಗಿ ಅನರ್ಹರಾದರೆ ಪ್ರಭಾರ ಹೋಗುತ್ತದೆ."

ಚಾರುಲತಾ ಮಲ್ಲೇಶಪ್ಪನನ್ನು ನೋಡಿದಳು, ಸಾಹೇಬರನ್ನು ನೋಡಿದಳು. "ಕಾಣಿಸಿತು ಸಾಹೇಬ್," ಎಂದಳು. ಹೇಳಿದವಳೇ ತಲೆ ತಗ್ಗಿಸಿದಳು.

ಸಾಹೇಬರ ದನಿಯಲ್ಲಿ ನಿಜವಾದ ಕನಿಕರವಿತ್ತು. "ಮಲ್ಲೇಶಪ್ಪ, ನನಗ ನಿಮ್ಮ ಮ್ಯಾಲೆ ಭಾಳ ವಿಶ್ವಾಸ ಅದ. ಅದಕ್ಕ ನಿಮ್ಮ ವರದಿ ಮ್ಯಾಲೂ ಅದ. ವರದಿ ತಪ್ಪದ ಅಂತ ಬರದ ಕೊಡ್ರಿ, ಈಗಿಂದೀಗ ಮೇಲ್ಮನವಿ ಒಪ್ಪತೀನಿ. ಆದರ ಸುಳ್ಳ ವರದಿ ಕೊಟ್ಟವರ್ನ ಮನಿಗೆ ಕಳಸಬೇಕಾಗ್ತದ, ಹುಬ್ಬಳ್ಳಿಗಲ್ಲ."

ಅತ್ತ ದರಿ, ಇತ್ತ ಪುಲಿ. ಮಲ್ಲೇಶಪ್ಪ ವರದಿ ಸರಿಯಾಗಿದೆ ಎಂದ. ತೀರ್ಪು ಅಂದೇ ಬಂತು:

"ಏಳನೆಯ ನಿಯಮದನ್ವಯ ಪುಟವು ೧೧.೦೦ ಗಂಟೆ ೨ ಸೆಕೆಂಡಿಗೆ ತೆರೆದಿದ್ದು, ಸದರಿ ನೌಕರರು ಮಿಕ್ಕ ೪ ನಿಮಿಷ ೫೮ ಸೆಕೆಂಡುಗಳ ಕಾಲ ಅರ್ಜಿಯ ನಮೂನೆಯನ್ನು ನೋಡುತ್ತ ಕುಳಿತು, ತುಂಬದಿರಲು ಸ್ವಇಚ್ಛೆಯಿಂದ ತೀರ್ಮಾನಿಸಿರುತ್ತಾರೆ. ನಾಗಪುರದ ಮೇಲಿನ ಅವರ ಅಭಿಮಾನವನ್ನು ಕಾರ್ಯಾಲಯವು ಶ್ಲಾಘಿಸುತ್ತದೆ. ಹುಬ್ಬಳ್ಳಿಯ ಹುದ್ದೆಗೆ ದೇಶದ ಯಾವ ನೌಕರರಿಂದಲೂ ಅರ್ಜಿ ಬಾರದಿರುವುದರಿಂದ, ಸದರಿ ಹುದ್ದೆಯು ಯಾರಿಗೂ ಬೇಡವಾಗಿದೆಯೆಂದು ಭಾವಿಸಿ ರದ್ದುಪಡಿಸಲಾಗಿದೆ."

ಸಂಜೆ ಕಚೇರಿ ಬಿಟ್ಟು ರಸ್ತೆಗೆ ಬಂದಾಗ ಹೇಮಲತಾಳ ಫೋನು ಬಂತು. ಅವಲಕ್ಕಿ ಮಾರುವ ಪೋಹೆ ಗಾಡಿಯ ಪಕ್ಕ ನಿಂತು ಎತ್ತಿಕೊಂಡ. ಅರ್ಜಿ ಏನಾಯಿತೆಂದು ಕೇಳಿದಳು. ಹಾಕಲಾಗಲಿಲ್ಲ ಎಂದ.

"ಯಾಕ್ರಿ? ಐದು ನಿಮಿಷ ಇತ್ತಂತಲ್ಲ?"

"ಇತ್ತು."

"ಪುಟ ಎರಡ ಸೆಕೆಂಡಿಗೆ ತೆರೀತೈತಿ ಅಂತ ಪೇಪರನ್ಯಾಗ ನಿಮ್ಮ ಸಹಿನ ಹಾಕ್ಯಾರ. ಖುಷಿ ಅದನ್ನ ಕತ್ತರಿಸಿ ಸಾಲಿ ಬೋರ್ಡಿಗೆ ಹಚ್ಯಾಳ, ನಮ್ಮಪ್ಪನ ಸಹಿ ಅಂತ ಎಲ್ಲಾರಿಗೂ ತೋರಸ್ಯಾಳ. ಇಲ್ಲೇ ಅದಾಳ, ಕೇಳಸಾಕತ್ತೈತಿ ಆಕಿಗೆ." ಹೇಮಲತಾ ಲೆಕ್ಕ ಕೇಳುವ ದನಿಯಲ್ಲಿ ಕೇಳಿದಳು. "ಅದು ಖರೇ ಐತೋ ಇಲ್ಲೋ?"

ಸುಳ್ಳೆಂದರೆ ಮಗಳು ಬೋರ್ಡಿಗೆ ಹಚ್ಚಿದ್ದು ಸುಳ್ಳಿನ ಸಹಿ. ನಿಜವೆಂದರೆ ತಾನು ಐದು ನಿಮಿಷ ಮನೆಯ ಬಾಗಿಲು ನೋಡುತ್ತ ಕೂತು ಒಳಗೆ ಬರದೆ ಹೋದವನು.

"ಖರೇ ಐತಿ. ನಾ ಸುಳ್ಳಿಗೆ ಸಹಿ ಹಾಕಾಂವಲ್ಲ," ಎಂದ.

"ಹಂಗಾರ ಐದು ನಿಮಿಷ ಏನ್ ಮಾಡಾಕತ್ತಿದ್ರಿ?"

"ನೋಡಕೋತ ಕುಂತಿದ್ದೆ."

ಅತ್ತ ಫೋನು ಮಗಳ ಕೈಗೆ ಹೋಯಿತು. ಆಮೇಲೆ ಬಂದದ್ದು ಖುಷಿಯ ದನಿ. ಸಿಟ್ಟಿರಲಿಲ್ಲ, ಮನೆಗೆ ಬಂದವರನ್ನು ಬಾಗಿಲವರೆಗೆ ಕಳಿಸಿಕೊಡುವಾಗಿನ ಮರ್ಯಾದೆಯಿತ್ತು.

"ಇರಲಿ ಬಿಡ್ರಿ ಅಪ್ಪಾ. ನಿಮಗ ಅಲ್ಲೇ ಚಲೋ ಅನಸಿದ್ರ ಅಲ್ಲೇ ಇರ್ರಿ. ನಮಗೇನೂ ಬ್ಯಾಸರ ಇಲ್ಲ."

ಮಲ್ಲೇಶಪ್ಪ ಹೂಂ ಎಂದ. ಮರುದಿನ, ತನಗೆ ನಾಗಪುರವೇ ಸಾಕು, ಇನ್ನು ಮುಂದೆ ವರ್ಗಾವಣೆ ಬೇಡ ಎಂಬ ಹೇಳಿಕೆಯನ್ನು ಪೋರ್ಟಲಿನಲ್ಲಿ ಸಲ್ಲಿಸಲು ಕೂತ. ಅಭ್ಯಾಸಬಲದಿಂದ ಡ್ರಾಯರಿನಿಂದ ಸ್ಟಾಪ್‌ವಾಚು ತೆಗೆದು ಒತ್ತಿದ. ಪುಟ ತೆರೆಯಲು ಹದಿನಾಲ್ಕು ನಿಮಿಷ ಹಿಡಿಯಿತು. ದಾಖಲೆ ಪುಸ್ತಕ ತೆಗೆದು, ಅಂದಿನ ದಿನಾಂಕದ ಮುಂದೆ ಎರಡು ಸೆಕೆಂಡು ಎಂದು ಬರೆದು, ಊಟದ ಡಬ್ಬಿ ಬಿಚ್ಚಿದ.